ಬೆಂಗಳೂರಿನಲ್ಲಿ ಚೆನ್ನಾಗಿ ಓಡುವ ನೈಟ್ರೋ ಟ್ರಕ್ ಕುಂದಾಪುರದಲ್ಲಿ ಏಕೆ ಕೆಡುತ್ತದೆ? ಇಂಧನ ಬದಲಿಸಬೇಕೇ, ನೀಡಲ್ ತಿರುಗಿಸಬೇಕೇ?

ಸಂಜೆಮೈದಾನ (ಯಲಹಂಕ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ರಿಮೋಟಿನಿಂದ ಓಡಿಸುವ, ಎಂಟನೇ ಒಂದು ಅಳತೆಯ ಮಾನ್‌ಸ್ಟರ್ ಟ್ರಕ್ ಮಾಡೆಲ್ ಇದೆ. 21 ಸೈಜಿನ, ಅಂದರೆ 3.5 ಸಿಸಿ ಎಂಜಿನ್, ಹಗ್ಗ ಎಳೆದು ಹೊತ್ತಿಸುವಂಥದ್ದು. ಒಂದೂವರೆ ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಬಡಾವಣೆಯ ಹಿಂದಿನ ಖಾಲಿ ಜಾಗದಲ್ಲಿ ಪ್ರತಿ ಭಾನುವಾರ ಸಂಜೆ ಎರಡು ಟ್ಯಾಂಕ್ ಓಡಿಸುತ್ತೇನೆ. 20 ಶೇಕಡ ನೈಟ್ರೋ, ಅಂದರೆ ನೈಟ್ರೋಮೀಥೇನ್ ಇರುವ ರೆಡಿಮೇಡ್ ಇಂಧನ, ಉಳಿದದ್ದು ಮೆಥನಾಲ್ ಮತ್ತು ಎಣ್ಣೆ. ಇಲ್ಲಿಯವರೆಗೆ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಕಳೆದ ವಾರ ರಜೆಗೆ ಕುಂದಾಪುರದ ಮಾವನ ಮನೆಗೆ ಹೋಗುವಾಗ ಟ್ರಕ್ಕನ್ನೂ ಒಯ್ದೆ. ಅಲ್ಲಿ ಮೊದಲ ಟ್ಯಾಂಕಿನಲ್ಲೇ ಎಂಜಿನ್ ಕಿರುಚತೊಡಗಿತು. ಥ್ರಾಟಲ್ ಬಿಟ್ಟರೂ ಐದಾರು ಸೆಕೆಂಡು ಐಡಲ್ ಕೆಳಗೆ ಇಳಿಯುತ್ತಿರಲಿಲ್ಲ. ಟೆಂಪರೇಚರ್ ಗನ್ ಹಿಡಿದರೆ 138 ಡಿಗ್ರಿ. ಕರಾವಳಿಯ ಸೆಕೆ, ಬಿಸಿ ಗಾಳಿ ತೆಳುವಾಗಿರುತ್ತದೆ, ಆದ್ದರಿಂದ ಇಂಧನ ಕಡಿಮೆ ಮಾಡಬೇಕು ಎಂದುಕೊಂಡು ಇಂಧನದ ಹರಿವು ಹೊಂದಿಸುವ ಹೈ ಸ್ಪೀಡ್ ನೀಡಲ್ ಸ್ಕ್ರೂವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ. ಇನ್ನೊಂದು ಸುತ್ತು ಹೋಗುವಷ್ಟರಲ್ಲಿ ಅಂಗಳದ ನಡುವೆ ಟಪ್ ಎಂದು ನಿಂತಿತು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ ನೋಡಿದರೆ ಒಳಗಿನ ತಂತಿ ತುಂಡಾಗಿತ್ತು. ಚೀಲದಲ್ಲಿದ್ದ ಹೊಸ ಪ್ಲಗ್ ಹಾಕಿದೆ. ಹೊತ್ತುತ್ತದೆ, ಆದರೆ ಪ್ಲಗ್ ಕಾಯಿಸುವ ಇಗ್ನೈಟರ್ ತೆಗೆದ ಕೂಡಲೇ ನಿಲ್ಲುತ್ತದೆ.

ಒಬ್ಬ ಗೆಳೆಯ 30 ಶೇಕಡ ನೈಟ್ರೋ ಹಾಕು ಎನ್ನುತ್ತಾನೆ. ಇನ್ನೊಬ್ಬರು ಎಣ್ಣೆ ಸಾಲದು, ಸ್ಕೂಟರಿನ 2ಟಿ ಆಯಿಲ್ ಸ್ವಲ್ಪ ಬೆರೆಸು ಎಂದರು. ಯಾರ ಮಾತು ಕೇಳಲಿ? ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗುವುದಿದೆ.

ನೀಲಿಹೊಗೆ (ಬೆಂಗಳೂರು)

ಬಲಕ್ಕಲ್ಲ, ಎಡಕ್ಕೆ ತಿರುಗಿಸಬೇಕಿತ್ತು.

ಕೆಂಪುಧೂಳು (ದಾವಣಗೆರೆ)

ಮೊದಲು ಒಂದು ವಿಷಯ ಹೇಳಿ. ಏರ್ ಫಿಲ್ಟರಿನ ಸ್ಪಂಜಿಗೆ ಕೊನೆಯ ಬಾರಿ ಎಣ್ಣೆ ಹಾಕಿದ್ದು ಯಾವಾಗ?

ಕಡಲತಡಿ (ಉಡುಪಿ)

ನೀಲಿಹೊಗೆಯವರೇ, ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟರೆ ಹೇಗೆ? ಅವರ ಲೆಕ್ಕಾಚಾರದಲ್ಲಿ ತಪ್ಪೇನಿದೆ? ಬಿಸಿ ಗಾಳಿ ತೆಳು, ತೇವದ ಗಾಳಿಯಲ್ಲಿ ಆಮ್ಲಜನಕ ಇನ್ನೂ ಕಡಿಮೆ. ಜನವರಿಯಲ್ಲಿ ಇದ್ದಲ್ಲಿಂದ ಏಪ್ರಿಲ್‌ಗೆ ನಾನೂ ನೀಡಲನ್ನು ಸ್ವಲ್ಪ ಬಲಕ್ಕೇ ತರುತ್ತೇನೆ. ಏಳು ವರ್ಷದಿಂದ ಇಲ್ಲೇ ಓಡಿಸುತ್ತಿದ್ದೇನೆ, ಒಂದು ಎಂಜಿನ್ನೂ ಸುಟ್ಟಿಲ್ಲ.

ನೀಲಿಹೊಗೆ (ಬೆಂಗಳೂರು)

ಕಡಲತಡಿಯವರೇ, ನೀವು ಹೇಳುವುದು ನಿಮ್ಮ ಅಂಗಳಕ್ಕೆ ನೂರಕ್ಕೆ ನೂರು ಸರಿ. ಆದರೆ ಇವರು ಜನವರಿಯಿಂದ ಏಪ್ರಿಲ್‌ಗೆ ಹೋಗಿಲ್ಲ, ಘಟ್ಟ ಇಳಿದಿದ್ದಾರೆ. ಬೆಂಗಳೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಹತ್ತು ಶೇಕಡದಷ್ಟು ಕಡಿಮೆ. ಈ ತೆಳು ಗಾಳಿಗೆ ಹೊಂದಿಸಿದ ನೀಡಲನ್ನು ಹಾಗೆಯೇ ಸಮುದ್ರದ ದಂಡೆಗೆ ಒಯ್ದರೆ ಎಂಜಿನ್ನಿಗೆ ಗಾಳಿ ಹೆಚ್ಚು ಸಿಗುತ್ತದೆ, ಇಂಧನ ಮಾತ್ರ ಅಷ್ಟೇ. ಅದೇ ಲೀನ್.

ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯೋಣ. ಯಲಹಂಕದ ಸಂಜೆ 24 ಡಿಗ್ರಿ, ಕುಂದಾಪುರದ ಹಗಲು 32 ಡಿಗ್ರಿ ಎಂದುಕೊಳ್ಳಿ. ಬಿಸಿಗೆ ಮೂರು ಶೇಕಡ ಕಳೆಯುತ್ತದೆ, ತೇವಾಂಶಕ್ಕೆ ಒಂದೆರಡು ಶೇಕಡ ಕಳೆಯುತ್ತದೆ. ಎಲ್ಲ ಕಳೆದ ಮೇಲೂ ಅಲ್ಲಿನ ಗಾಳಿಯಲ್ಲಿ ಆರು ಶೇಕಡದಷ್ಟು ಹೆಚ್ಚು ಆಮ್ಲಜನಕ ಉಳಿಯುತ್ತದೆ. ಬೆವರುವುದು ನಾವು. ಎಂಜಿನ್ನಿಗೆ ಮಾತ್ರ ಅದು ದಟ್ಟ ಗಾಳಿಯ ಊರು.

ಎಂಜಿನ್ ಆಗಲೇ ಇದನ್ನು ಅವರಿಗೆ ಹೇಳಿತ್ತು. ಥ್ರಾಟಲ್ ಬಿಟ್ಟರೂ ಐಡಲ್ ಇಳಿಯದಿರುವುದು, ಕಿರುಚುವುದು, 138 ಡಿಗ್ರಿ, ಮೂರೂ ಲೀನ್ ಆದದ್ದರ ಗುರುತುಗಳು. ಅಷ್ಟು ಹೇಳಿದ ಮೇಲೂ ಬಲಕ್ಕೆ ತಿರುಗಿಸಿದರೆ ಪ್ಲಗ್ ಉಳಿಯುವುದು ಹೇಗೆ?

ಕಡಲತಡಿ (ಉಡುಪಿ)

ಹೌದು ಮಾರಾಯರೇ, ಘಟ್ಟದ ಲೆಕ್ಕ ನಾನು ಹಿಡಿದಿರಲಿಲ್ಲ. ಒಪ್ಪಿದೆ. ಬೆಂಗಳೂರಿನಿಂದ ಬರುವ ಗೆಳೆಯರ ಗಾಡಿಗಳು ಇಲ್ಲಿ ಮೊದಲ ಟ್ಯಾಂಕಿನಲ್ಲಿ ರಂಪ ಮಾಡುವುದನ್ನು ನಾನೂ ಕಂಡಿದ್ದೇನೆ. ಕಾರಣ ಈಗ ಗೊತ್ತಾಯಿತು.

ಹೊಸಬ_ತುಮಕೂರು

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಇಷ್ಟೆಲ್ಲ ತಾಪತ್ರಯ ಏಕೆ, ಪೆಟ್ರೋಲ್ ಹಾಕಿ ಓಡಿಸಲು ಆಗುವುದಿಲ್ಲವೇ?

ನೀಲಿಹೊಗೆ (ಬೆಂಗಳೂರು)

ಆಗುವುದಿಲ್ಲ. ದಯವಿಟ್ಟು ಪ್ರಯತ್ನ ಮಾಡಬೇಡಿ.

ಧಾರವಾಡದ_ಮೇಡಂ

ತುಮಕೂರಿನವರ ಪ್ರಶ್ನೆಯನ್ನು ಹಾಗೆ ತಳ್ಳಿಹಾಕಬಾರದು. ಅದರ ಉತ್ತರದಲ್ಲೇ ಈ ಎಂಜಿನ್ನಿನ ಮರ್ಮ ಇದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ಹವ್ಯಾಸ ಬಂದದ್ದು ಮಗನಿಂದ, ಈಗ ಅವನಿಗಿಂತ ನನಗೇ ಹೆಚ್ಚು.

ಗ್ಲೋ ಪ್ಲಗ್ಗಿನ ಒಳಗಿನ ಸುರುಳಿಯಲ್ಲಿ ಪ್ಲಾಟಿನಂ ಇರುತ್ತದೆ. ಇಗ್ನೈಟರಿನ ಒಂದೂವರೆ ವೋಲ್ಟು ಅದನ್ನು ಮೊದಲ ಸಲ ಕೆಂಪಗೆ ಕಾಯಿಸಲು ಮಾತ್ರ. ಆಮೇಲೆ ಮೆಥನಾಲಿನ ಆವಿ ಪ್ಲಾಟಿನಮ್ಮನ್ನು ತಾಗಿದಾಗ ನಡೆಯುವ ಕ್ರಿಯೆಯಿಂದ ಶಾಖ ಹುಟ್ಟುತ್ತದೆ. ಅದರ ಜೊತೆಗೆ ಹಿಂದಿನ ಸ್ಫೋಟದ ಬಿಸಿಯೂ ಉಳಿದಿರುತ್ತದೆ. ಇವೆರಡೂ ಸೇರಿ ಸುರುಳಿಯನ್ನು ಕೆಂಪಗೆ ಇಟ್ಟಿರುತ್ತವೆ. ಪೆಟ್ರೋಲಿಗೆ ಪ್ಲಾಟಿನಂ ಜೊತೆ ಆ ನಂಟು ಇಲ್ಲ. ಸಾಲದ್ದಕ್ಕೆ ಪೆಟ್ರೋಲ್ ತಾಗಿದರೆ ಸಿಲಿಕೋನ್ ಕೊಳವೆ ಊದಿಕೊಂಡು ಹಾಳಾಗುತ್ತದೆ.

ಇನ್ನು ನೈಟ್ರೋಮೀಥೇನ್. ಅದು ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ ಸುಮಾರು ಆರೂವರೆ ಕಿಲೋ, ನೈಟ್ರೋಮೀಥೇನಿಗೆ 1.7 ಕಿಲೋ ಸಾಕು. ತೂಕಕ್ಕೆ ತೂಕ ಹಿಡಿದರೆ ಶಕ್ತಿ ಪೆಟ್ರೋಲಿನಲ್ಲೇ ಹೆಚ್ಚು, ನೈಟ್ರೋದಲ್ಲಿ ಅದರ ಕಾಲುಭಾಗದಷ್ಟು. ಆದರೆ ಅಷ್ಟೇ ಗಾಳಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ನೈಟ್ರೋ ಉರಿಸಬಹುದು, ಬಲ ಬರುವುದು ಅಲ್ಲಿಂದ. ಅದಕ್ಕಾಗಿಯೇ ನೈಟ್ರೋ ಶೇಕಡ ಏರಿಸಿದರೆ ನೀಡಲನ್ನೂ ಎಡಕ್ಕೆ ತಿರುಗಿಸಿ ಇಂಧನ ಹೆಚ್ಚಿಸಬೇಕು. ಸಂಜೆಮೈದಾನದವರು ಈಗಿನ ಲೀನ್ ಸ್ಥಿತಿಯಲ್ಲೇ 30 ಶೇಕಡ ಹಾಕಿದ್ದರೆ ಪ್ಲಗ್ ಮಾತ್ರವಲ್ಲ, ಪಿಸ್ಟನ್ನೇ ಹೋಗುತ್ತಿತ್ತು.

2ಟಿ ಆಯಿಲ್ ಖಂಡಿತ ಬೇಡ. ಪೆಟ್ರೋಲಿಯಂ ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲ. ಬಾಟಲಿಯಲ್ಲಿ ಕುಲುಕಿ ಹತ್ತು ನಿಮಿಷ ಬಿಡಿ, ಬೇರೆ ಪದರವಾಗಿ ನಿಲ್ಲುತ್ತದೆ. ಟ್ಯಾಂಕಿನಲ್ಲೂ ಅದೇ ಆಗುತ್ತದೆ. ಒಮ್ಮೆ ಬರೀ ಎಣ್ಣೆ, ಒಮ್ಮೆ ಎಣ್ಣೆಯೇ ಇಲ್ಲದ ಮೆಥನಾಲ್ ಎಂಜಿನ್ನಿಗೆ ಹೋಗುತ್ತದೆ.

ಯೆಜ್ಡಿ_ಮೇಷ್ಟ್ರು (ಮೈಸೂರು)

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಈಗ ಅರವತ್ತೆಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳ ಕಾರ್ಬುರೇಟರ್ ಬಿಚ್ಚಿ ಜೋಡಿಸಿಯೇ ನಾನು ಸಂಸಾರ ನಡೆಸಿದವನು. ಮೊಮ್ಮಗನ ನೈಟ್ರೋ ಟ್ರಕ್ ಕೈಗೆ ಬಂದಾಗ ಇದೂ ಟೂ ಸ್ಟ್ರೋಕ್ ತಾನೇ ಎಂದುಕೊಂಡೆ. ಕಿವಿ ಅದೇ, ಹೊಗೆ ನೋಡುವ ಕಣ್ಣೂ ಅದೇ. ಆದರೆ ಒಂದು ಕಡೆ ಎಡವಿದೆ. ಯೆಜ್ಡಿಯಲ್ಲಿ ಕಿಡಿ ಯಾವಾಗ ಹಾರಬೇಕು ಎನ್ನುವುದನ್ನು ಪಾಯಿಂಟ್ ತೀರ್ಮಾನಿಸುತ್ತದೆ, ಮಿಶ್ರಣ ಎಷ್ಟಿರಬೇಕು ಎನ್ನುವುದನ್ನು ಜೆಟ್ ತೀರ್ಮಾನಿಸುತ್ತದೆ. ಎರಡೂ ಬೇರೆ ಬೇರೆ. ಇಲ್ಲಿ ಪಾಯಿಂಟೂ ಇಲ್ಲ, ಕಿಡಿಯೂ ಇಲ್ಲ. ಮಿಶ್ರಣ ಲೀನ್ ಆದರೆ ಪ್ಲಗ್ ಹೆಚ್ಚು ಕಾಯುತ್ತದೆ, ಬೇಗ ಹೊತ್ತಿಸುತ್ತದೆ, ಅದರಿಂದ ಇನ್ನೂ ಕಾಯುತ್ತದೆ. ಒಂದೇ ನೀಡಲ್ ಜೆಟ್ಟಿನ ಕೆಲಸವನ್ನೂ ಟೈಮಿಂಗಿನ ಕೆಲಸವನ್ನೂ ಮಾಡುತ್ತದೆ. ಅದಕ್ಕೇ ಇದನ್ನು ಮುಟ್ಟುವಾಗ ಗಡಿಯಾರದ ಒಂದು ಗಂಟೆಯಷ್ಟು ಮಾತ್ರ ತಿರುಗಿಸಬೇಕು. ತಿರುಗಿಸಿ ಎರಡು ಸುತ್ತು ಓಡಿಸಬೇಕು, ಆಮೇಲೆ ಮುಂದಿನ ಮಾತು.

ತಮ್ಮಾ ಸಂಜೆಮೈದಾನ, ಅವತ್ತು ಎಷ್ಟು ತಿರುಗಿಸಿದೆ?

ಸಂಜೆಮೈದಾನ (ಯಲಹಂಕ)

ಕಾಲು ಸುತ್ತು ಇರಬಹುದು ಮೇಷ್ಟ್ರೇ.

ಯೆಜ್ಡಿ_ಮೇಷ್ಟ್ರು (ಮೈಸೂರು)

ಕಾಲು ಸುತ್ತು ಎಂದರೆ ಮೂರು ಗಂಟೆ. ಪ್ಲಗ್ ಒಂದೇ ಹೋಗಿದ್ದರೆ ನಿನ್ನ ಪುಣ್ಯ.

ಕೆಂಪುಧೂಳು (ದಾವಣಗೆರೆ)

ಫಿಲ್ಟರಿನ ವಿಷಯ ಇನ್ನೂ ಹೇಳಲಿಲ್ಲ.

ಔಡಲ (ಹಿರಿಯೂರು)

ಎಣ್ಣೆಯ ಮಾತು ಬಂದದ್ದರಿಂದ ನನ್ನ ಅನುಭವ ಹೇಳುತ್ತೇನೆ. ಈ ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಾರೆ ಎಂದು ಓದಿದಾಗ ಬಹಳ ಹೆಮ್ಮೆಯಾಯಿತು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಗಿಡ ಅದು. ಅಜ್ಜಿ ಪ್ರತಿ ವರ್ಷ ಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದರು. ತಲೆಗೆ, ಹೊಕ್ಕುಳಿಗೆ, ಎತ್ತಿನ ಗಾಡಿಯ ಕೀಲಿಗೆ ಎಲ್ಲಕ್ಕೂ ಅದೇ ಎಣ್ಣೆ. ಆ ಎಣ್ಣೆಯನ್ನೇ ಒಂದಿಷ್ಟು ರೆಡಿಮೇಡ್ ಇಂಧನಕ್ಕೆ ಸೇರಿಸಿ ಓಡಿಸಿದೆ. ವಾಸನೆ ಮಾತ್ರ ಅದ್ಭುತ, ನಮ್ಮ ಅಡುಗೆಮನೆಯೇ ಹೊಲಕ್ಕೆ ಬಂದಂತೆ. ಆದರೆ ಎಂಜಿನ್ ಕುಂಟತೊಡಗಿತು, ಪ್ಲಗ್ ಪದೇ ಪದೇ ಆರಿತು. ಬಿಚ್ಚಿದಾಗ ಪಿಸ್ಟನ್ ಮೇಲೆ ಕಂದು ಅಂಟು, ಉಗುರಿನಿಂದ ಕೆರೆದರೂ ಏಳುತ್ತಿರಲಿಲ್ಲ.

ಹರಳೆಣ್ಣೆ ಒಳ್ಳೆಯದಲ್ಲವೇ? ಹಾಗಾದರೆ ನನ್ನ ತಪ್ಪು ಎಲ್ಲಿ?

ಧಾರವಾಡದ_ಮೇಡಂ

ಔಡಲ ಅವರೇ, ಹರಳೆಣ್ಣೆ ಒಳ್ಳೆಯದೇ. ಪೆಟ್ರೋಲಿಯಂ ಎಣ್ಣೆ ಕರಗದ ಮೆಥನಾಲಿನಲ್ಲಿ ಇದು ಚೆನ್ನಾಗಿ ಕರಗುತ್ತದೆ. ಅತಿಯಾಗಿ ಕಾದರೂ ಲೋಹದ ಮೇಲಿನ ಪದರ ಬಿಟ್ಟುಕೊಡುವುದಿಲ್ಲ, ಒಂದು ಕ್ಷಣ ಲೀನ್ ಆದ ಎಂಜಿನ್ನನ್ನು ಉಳಿಸುವುದು ಅದೇ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎನ್ನುವ ಹೆಸರೇ ಕ್ಯಾಸ್ಟರ್‌ನಿಂದ ಬಂದದ್ದು.

ಆದರೆ ಇಂಧನಕ್ಕೆ ಹಾಕುವುದು ಅಂಟು ತೆಗೆದು, ತೇವ ತೆಗೆದು ಶುದ್ಧ ಮಾಡಿದ ಎಣ್ಣೆ. ನೀರಿನಲ್ಲಿ ಕುದಿಸಿ ತೆಗೆದ ಮನೆಯ ಎಣ್ಣೆಯಲ್ಲಿ ತೇವ ಉಳಿದೇ ಇರುತ್ತದೆ, ಬೀಜದ ಅಂಟೂ ಇರುತ್ತದೆ. ಅದು ತಲೆಗೆ ಸರಿ. ಹರಳೆಣ್ಣೆ ಹೆಚ್ಚಾದರೆ ಕಾದು ಅರಗಿನಂತೆ ಗಟ್ಟಿಯಾಗುತ್ತದೆ, ನಿಮ್ಮ ಪಿಸ್ಟನ್ ಮೇಲಿದ್ದ ಕಂದು ಅಂಟು ಅದೇ. ಹೀಗಾಗಿ ಹೆಚ್ಚಿನ ರೆಡಿಮೇಡ್ ಇಂಧನಗಳಲ್ಲಿ ಸಿಂಥೆಟಿಕ್ ಎಣ್ಣೆ ಹೆಚ್ಚು, ಹರಳೆಣ್ಣೆ ಸ್ವಲ್ಪ.

ರೆಕ್ಕೆ_ಬೆಳಗಾವಿ

ನಾನು ಮಾಡೆಲ್ ವಿಮಾನದವನು, ಟ್ರಕ್ಕಿನವನಲ್ಲ. ನಮ್ಮ ಇಂಧನದಲ್ಲಿ ಎಣ್ಣೆ 18 ಶೇಕಡದ ಆಸುಪಾಸು, ನಿಮ್ಮದರಲ್ಲಿ ಹತ್ತೋ ಹನ್ನೆರಡೋ ಅಷ್ಟೇ. ಎಣ್ಣೆ ಹೆಚ್ಚಿದ್ದಷ್ಟೂ ಎಂಜಿನ್ನಿಗೆ ಕ್ಷೇಮ. ನೀವೂ ವಿಮಾನದ ಇಂಧನವನ್ನೇ ಹಾಕಬಹುದಲ್ಲ? ನನ್ನ ತಮ್ಮ ಹಾಕುತ್ತಾನೆ.

ನೀಲಿಹೊಗೆ (ಬೆಂಗಳೂರು)

ಓಡುತ್ತದೆ, ಆದರೆ ಸೊರಗಿ ಓಡುತ್ತದೆ. ವಿಮಾನದ ಎಂಜಿನ್ ಹೆಚ್ಚಿನ ಹೊತ್ತು ಒಂದೇ ವೇಗದಲ್ಲಿ ತಿರುಗುತ್ತದೆ, ಎದುರಿನ ಪ್ರೊಪೆಲ್ಲರ್ ಗಾಳಿ ಬೀಸುತ್ತಲೇ ಇರುತ್ತದೆ. ಟ್ರಕ್ಕಿನದು ಹಾಗಲ್ಲ. ಓಡು, ನಿಲ್ಲು, ತಿರುಗು, ಮತ್ತೆ ಓಡು. ಎಣ್ಣೆ ಹೆಚ್ಚಾದರೆ ಐಡಲ್‌ನಿಂದ ಮೇಲೇಳುವಾಗ ಮುಗ್ಗರಿಸುತ್ತದೆ. ಜೊತೆಗೆ ವಿಮಾನದ ಇಂಧನದಲ್ಲಿ ನೈಟ್ರೋ ಐದರಿಂದ ಹದಿನೈದು ಶೇಕಡ ಮಾತ್ರ. ಉಲ್ಟಾ ಮಾತ್ರ ಎಂದೂ ಮಾಡಬೇಡಿ, ಟ್ರಕ್ಕಿನ ಇಂಧನವನ್ನು ವಿಮಾನಕ್ಕೆ ಹಾಕಿದರೆ ಎಣ್ಣೆ ಸಾಲದೆ ಎಂಜಿನ್ ಆಕಾಶದಲ್ಲೇ ಹಿಡಿದುಕೊಳ್ಳುತ್ತದೆ.

ರೆಕ್ಕೆ_ಬೆಳಗಾವಿ

ತಮ್ಮನ ಟ್ರಕ್ ಮುಗ್ಗರಿಸುವುದು ನಿಜ. ಅದು ಕ್ಲಚ್ಚಿನ ತೊಂದರೆ ಎಂದುಕೊಂಡಿದ್ದೆವು. ಅವನಿಗೆ ತಿಳಿಸುತ್ತೇನೆ.

ಬವೇರಿಯಾ_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ 20, 30ರ ಜಗಳವೇ ಇಲ್ಲ. ನೈಟ್ರೋಮೀಥೇನ್ ಸ್ಫೋಟಕಕ್ಕೂ ಬಳಕೆಯಾಗುವ ವಸ್ತು ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ನಿಯಮ ತಂದಿದೆ, 2021ರಿಂದ ಜಾರಿಯಲ್ಲಿದೆ. ತೂಕದಲ್ಲಿ 16 ಶೇಕಡಕ್ಕಿಂತ ಹೆಚ್ಚು ಇರುವುದನ್ನು ಜನಸಾಮಾನ್ಯರಿಗೆ ಮಾರುವಂತಿಲ್ಲ. ಮೊದಲು ನಾವೆಲ್ಲ 25 ಹಾಕುತ್ತಿದ್ದೆವು. 16ಕ್ಕೆ ಇಳಿದಾಗ ಎಲ್ಲರೂ ಗೊಣಗಿದೆವು. ಪ್ಲಗ್ ಒಂದು ಮೆಟ್ಟಿಲು ಬಿಸಿಯದನ್ನು ಹಾಕಿ, ನೀಡಲ್ ಹೊಂದಿಸಿದ ಮೇಲೆ ಭಾನುವಾರದ ಓಟಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಐಡಲ್ ಸ್ವಲ್ಪ ಒರಟು, ಅಷ್ಟೇ.

ಹುಬ್ಬಳ್ಳಿ_ವೇಗ

ವ್ಯತ್ಯಾಸ ಇಲ್ಲ ಎಂದರೆ ನಾನು ಒಪ್ಪುವುದಿಲ್ಲರೀ. 30ರಲ್ಲಿ ಥ್ರಾಟಲ್ ಒತ್ತಿದ ತಕ್ಷಣ ಮುಂದಿನ ಎರಡು ಚಕ್ರ ಏಳುತ್ತವೆ. ಐಡಲ್ ಗಡಿಯಾರದಂತೆ ನಿಲ್ಲುತ್ತದೆ. ನೀಡಲ್ ಒಂದಿಷ್ಟು ಆಚೀಚೆ ಆದರೂ ಎಂಜಿನ್ ಸಹಿಸಿಕೊಳ್ಳುತ್ತದೆ. ದುಡ್ಡು ಹೆಚ್ಚು, ಟ್ಯಾಂಕ್ ಬೇಗ ಖಾಲಿ, ಅದು ನಿಜ. ಎಂಜಿನ್ ಹೆಡ್ಡಿನ ಕೆಳಗೆ ಒಂದು ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಹೆಚ್ಚು ಹಾಕಿ ಕಂಪ್ರೆಷನ್ ಇಳಿಸಿಕೊಂಡರೆ ಎಂಜಿನ್ನಿಗೂ ಏನೂ ಆಗುವುದಿಲ್ಲ.

ಬವೇರಿಯಾ_ಕನ್ನಡಿಗ

ಶಿಮ್ ಹಾಕುವ ಮಾತನ್ನು ಎಷ್ಟು ಜನ ಹೇಳುತ್ತಾರೆ ಹೇಳಿ? 30 ಹಾಕು ಎನ್ನುವವರೇ ಎಲ್ಲರೂ. ಸಂಜೆಮೈದಾನದವರಿಗೆ ಸಲಹೆ ಕೊಟ್ಟ ಗೆಳೆಯ ಶಿಮ್ ಎಂದರೇ?

ಸಂಜೆಮೈದಾನ (ಯಲಹಂಕ)

ಇಲ್ಲ. ಶಿಮ್ ಎನ್ನುವ ಪದವನ್ನೇ ಇವತ್ತು ಕೇಳುತ್ತಿದ್ದೇನೆ.

ರಾಮನಗರ_ಬಂಡೆ

ಲೀಟರಿಗೆ ಸಾವಿರ ದಾಟಿಸಿ ಕೊಡುವುದೇಕೆ? ಮೆಥನಾಲ್ ತರಿಸಿ ಮನೆಯಲ್ಲೇ ಬೆರೆಸಿಕೊಂಡರೆ ಅರ್ಧಕ್ಕರ್ಧ ಉಳಿತಾಯ.

ಧಾರವಾಡದ_ಮೇಡಂ

ಬೇಡ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಇಟ್ಟುಕೊಳ್ಳಲು, ಮಾರಲು ಪರವಾನಗಿ ಬೇಕೆನ್ನುವ ನಿಯಮ ಸುಮ್ಮನೆ ಬಂದದ್ದಲ್ಲ. ಅದು ಬಾಯಿಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ, ಕಣ್ಣಿನ ನರವನ್ನು ಕೊಲ್ಲುತ್ತದೆ. ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ, ಕೈ ಸುಟ್ಟ ಮೇಲೆ ಗೊತ್ತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಕ್ಯಾನ್ ಇಡುವುದನ್ನು ನೆನೆಸಿಕೊಂಡರೇ ನನಗೆ ನಿದ್ದೆ ಬರುವುದಿಲ್ಲ. ರೆಡಿಮೇಡ್ ಇಂಧನದಲ್ಲೂ ಇರುವುದು ಅದೇ ಮೆಥನಾಲ್. ಎಷ್ಟು ಬಾಯಾರಿದರೂ ಅದರ ಪಕ್ಕದಲ್ಲಿ ಕುಡಿಯುವ ನೀರಿನ ಬಾಟಲಿ ಇಡಬೇಡಿ. ನೀರಿನ ಬಾಟಲಿಗೆ ಇಂಧನ ಸುರಿದು ಇಡುವುದಂತೂ ಬೇಡವೇ ಬೇಡ.

ರಾಮನಗರ_ಬಂಡೆ

ಕಣ್ಣಿನ ವಿಷಯ ಗೊತ್ತಿರಲಿಲ್ಲ ಮೇಡಂ. ಬಿಟ್ಟೆ.

ಕಡಲತಡಿ (ಉಡುಪಿ)

ರೆಡಿಮೇಡ್ ಡಬ್ಬಿಯ ಮುಚ್ಚಳವನ್ನೂ ಬಿಗಿಯಾಗಿ ಹಾಕಿಡಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಎರಡು ದಿನ ಸಡಿಲ ಬಿಟ್ಟರೆ ಆ ಇಂಧನ ಎಸೆಯಬೇಕಾದೀತು. ಬಿಸಿಲೂ ತಾಗಬಾರದು, ಬಿಸಿಲಿಗೆ ನೈಟ್ರೋ ಕೆಡುತ್ತದೆ. ನಾನು ಕಪ್ಪು ಬಟ್ಟೆ ಸುತ್ತಿ ಮೆಟ್ಟಿಲಡಿ ಇಡುತ್ತೇನೆ.

ನೀಲಿಹೊಗೆ (ಬೆಂಗಳೂರು)

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಸಂಜೆಮೈದಾನದವರೇ, ಇಗ್ನೈಟರ್ ತೆಗೆದರೆ ನಿಲ್ಲುತ್ತದೆ ಎಂದಿರಿ. ಚೀಲದಲ್ಲಿದ್ದ ಹೊಸ ಪ್ಲಗ್ ಯಾವ ಜಾತಿಯದು? ಕೋಲ್ಡ್, ಮೀಡಿಯಂ, ಹಾಟ್?

ಸಂಜೆಮೈದಾನ (ಯಲಹಂಕ)

ಪೊಟ್ಟಣ ಹುಡುಕಿ ನೋಡಿದೆ, ಕೋಲ್ಡ್. ಮೊದಲಿದ್ದದ್ದು ಮೀಡಿಯಂ.

ನೀಲಿಹೊಗೆ (ಬೆಂಗಳೂರು)

ಅಲ್ಲಿದೆ ನೋಡಿ. ಕೋಲ್ಡ್ ಪ್ಲಗ್ ಹೆಚ್ಚು ನೈಟ್ರೋಗೆ, ರೇಸಿನಲ್ಲಿ ಸದಾ ಕಾದಿರುವ ಎಂಜಿನ್ನಿಗೆ. 20 ಶೇಕಡದಲ್ಲಿ, ಅಂಗಳದ ಓಟದಲ್ಲಿ ಅದಕ್ಕೆ ಕೆಂಪಗೆ ಉಳಿಯುವಷ್ಟು ಬಿಸಿ ಸಿಗುವುದಿಲ್ಲ. ಮೀಡಿಯಂ ಹಾಕಿ. ನೀಡಲ್‌ಗಳನ್ನು ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ತಂದು, ಅಲ್ಲಿಂದ ಇನ್ನೊಂದಿಷ್ಟು ಎಡಕ್ಕೆ ಇಟ್ಟು ಶುರು ಮಾಡಿ.

ಎಂಜಿನ್ ಪೂರ್ತಿ ಕಾಯುವವರೆಗೆ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಕಾದ ಮೇಲೆ ಮೊದಲು ಹೈ ಸ್ಪೀಡ್. ಉದ್ದ ಓಟದಲ್ಲಿ ಹಿಂದೆ ನೀಲಿ ಮಿಶ್ರಿತ ಬಿಳಿ ಹೊಗೆಯ ಗೆರೆ ಕಾಣಲೇಬೇಕು. ಹೊಗೆ ಮಾಯವಾದರೆ, ಅದು ಎಷ್ಟೇ ವೇಗವಾಗಿ ಓಡಲಿ, ಎಡಕ್ಕೆ ತಿರುಗಿಸಿ. ಆಮೇಲೆ ಲೋ ಸ್ಪೀಡ್ ನೀಡಲ್. ಐಡಲ್‌ನಲ್ಲಿ ನಿಲ್ಲಿಸಿ ಕಾರ್ಬುರೇಟರ್ ಹತ್ತಿರ ಇಂಧನದ ಕೊಳವೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿಯಿರಿ, ಕಿವಿಗೊಡಿ. ಮೂರು ಸೆಕೆಂಡು ಅದೇ ದನಿಯಲ್ಲಿ ಓಡಿ, ಕೊನೆಗೆ ದನಿ ತುಸು ಏರಿ ನಿಂತರೆ ಸರಿ. ಒತ್ತಿದ ಕೂಡಲೇ ಸತ್ತರೆ ಲೀನ್. ಆರೇಳು ಸೆಕೆಂಡು ಎಳೆದರೆ ರಿಚ್, ಅಂದರೆ ಇಂಧನ ಹೆಚ್ಚು. ಐಡಲ್ ಸ್ಕ್ರೂ ಕಡೆಗೆ.

ಹುಬ್ಬಳ್ಳಿ_ವೇಗ

ಹೊಗೆ, ಕಿವಿ ಎಲ್ಲ ಹಳೆಯ ಕಾಲದ್ದು. ಟೆಂಪರೇಚರ್ ಗನ್ ಇರುವಾಗ 110 ಡಿಗ್ರಿಗೆ ತಂದು ನಿಲ್ಲಿಸಿದರೆ ಮುಗಿಯಿತು.

ಯೆಜ್ಡಿ_ಮೇಷ್ಟ್ರು (ಮೈಸೂರು)

ಮುಗಿಯುವುದಿಲ್ಲಪ್ಪ. ಚಳಿಗಾಲದ ಬೆಳಿಗ್ಗೆ 95ಕ್ಕೇ ಚೆನ್ನಾಗಿ ಓಡುವ ಎಂಜಿನ್ನನ್ನು 110ಕ್ಕೆ ತರಲು ಹೋದರೆ ಲೀನ್ ಮಾಡಿ ಕೊಲ್ಲುತ್ತೀಯ. ಬೇಸಿಗೆಯಲ್ಲಿ 120 ಇದ್ದರೂ ಹೊಗೆ ಧಾರಾಳವಾಗಿ ಬರುತ್ತಿರುತ್ತದೆ, ಅದನ್ನು 110ಕ್ಕೆ ಇಳಿಸಲು ಹೋದರೆ ಇಂಧನದಲ್ಲಿ ಮುಳುಗಿಸುತ್ತೀಯ. ಜ್ವರ ನೋಡಿ ರೋಗ ಹೇಳಬಹುದು, ಥರ್ಮಾಮೀಟರ್ ನೋಡಿಕೊಂಡೇ ಮದ್ದು ಅರೆಯಲು ಆಗುವುದಿಲ್ಲ.

ಇನ್ನೊಂದು ಮಾತು. ಆ ಗನ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮೇಲಿನಿಂದ ನೇರ ಪ್ಲಗ್ಗಿನ ಬುಡಕ್ಕೆ, ಪ್ರತಿ ಸಲ ಅದೇ ಜಾಗಕ್ಕೆ ಹಿಡಿಯಬೇಕು. ಗನ್ ಇಲ್ಲದಿದ್ದರೆ ಬೆರಳ ತುದಿಯಿಂದ ಒಂದು ಹನಿ ನೀರು ಹೆಡ್ ಮೇಲೆ ಬಿಡಿ. ಮೂರು ನಾಲ್ಕು ಸೆಕೆಂಡು ಚುರುಗುಟ್ಟಿ ಆರಿದರೆ ಸರಿ. ಬಿದ್ದ ಕ್ಷಣವೇ ಸಿಡಿದು ಹಾರಿದರೆ ಅತಿಯಾಗಿ ಕಾದಿದೆ. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹುಬ್ಬಳ್ಳಿ_ವೇಗ

ಚಳಿಗಾಲದ ಮಾತು ಒಪ್ಪುತ್ತೇನೆ ಮೇಷ್ಟ್ರೇ. ಆದರೆ ಗನ್ ಬಿಡುವುದಿಲ್ಲ. 130 ದಾಟಿದರೆ ನಿಲ್ಲಿಸಲು ನನಗೆ ಅದೇ ಬೇಕು.

ಯೆಜ್ಡಿ_ಮೇಷ್ಟ್ರು (ಮೈಸೂರು)

ಅದಕ್ಕೆ ಇಟ್ಟುಕೋ, ಬೇಡ ಎನ್ನುವುದಿಲ್ಲ.

ಬ್ಯಾಟರಿ_ಪ್ರಿಯ

ಬ್ರಷ್‌ಲೆಸ್ ಮೋಟಾರ್, ಲಿಪೋ ಬ್ಯಾಟರಿ ಹಾಕಿ. ಸ್ವಿಚ್ ಒತ್ತಿದರೆ ಓಡುತ್ತದೆ, ಊರೂ ಕೇಳುವುದಿಲ್ಲ, ಘಟ್ಟವೂ ಕೇಳುವುದಿಲ್ಲ.

ಔಡಲ (ಹಿರಿಯೂರು)

ನನ್ನಲ್ಲಿ ಅದೂ ಇದೆ, ಬಹಳ ವೇಗದ್ದು. ಆದರೆ ಊರಿನ ಹುಡುಗರು ಬಂದು ಸುತ್ತ ನಿಲ್ಲುವುದು ನೈಟ್ರೋ ಹೊತ್ತಿಸಿದಾಗ ಮಾತ್ರ.

ಸಂಜೆಮೈದಾನ (ಯಲಹಂಕ)

ಭಾನುವಾರದ ವರದಿ. ಮೀಡಿಯಂ ಪ್ಲಗ್ ಹಾಕಿದೆ, ಇಗ್ನೈಟರ್ ತೆಗೆದರೂ ನಿಲ್ಲಲಿಲ್ಲ. ಯಲಹಂಕದಲ್ಲಿ 104 ಡಿಗ್ರಿ, ಹೊಗೆ ಚೆನ್ನಾಗಿ ಬರುತ್ತಿದೆ. ಕೊಳವೆ ಒತ್ತಿ ಹಿಡಿದಾಗ ಒಂದು ಸಲ ಮೂರು ಸೆಕೆಂಡು, ಮುಂದಿನ ಸಲ ಒಂದೇ ಸೆಕೆಂಡಿಗೆ ಸತ್ತಿತು. ನೀಡಲ್ ಮುಟ್ಟಿಯೇ ಇರಲಿಲ್ಲ. ಇದೇಕೆ?

ನೀಲಿಹೊಗೆ (ಬೆಂಗಳೂರು)

ಎಲ್ಲೋ ಗಾಳಿ ಕದಿಯುತ್ತಿದೆ. ಟ್ಯಾಂಕ್ ಬಿಚ್ಚಿ, ಒಂದು ಕೊಳವೆ ಮುಚ್ಚಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೊಂದರಿಂದ ಊದಿ. ಅದು ಸರಿ ಇದ್ದರೆ ಕಾರ್ಬುರೇಟರಿನ ಕುತ್ತಿಗೆಯ ಓ ರಿಂಗ್, ಹಿಂಬದಿಯ ಪ್ಲೇಟ್ ನೋಡಿ. ಟ್ಯಾಂಕಿನಲ್ಲಿ ಒತ್ತಡ ನಿಲ್ಲದಿದ್ದರೆ ಯಾವ ನೀಡಲೂ ನಿಮ್ಮ ಮಾತು ಕೇಳುವುದಿಲ್ಲ.

ಸಂಜೆಮೈದಾನ (ಯಲಹಂಕ)

ಸಿಕ್ಕಿತು. ಟ್ಯಾಂಕಿನ ಮುಚ್ಚಳದ ರಬ್ಬರ್ ಒಂದು ಕಡೆ ಬಿರುಕು ಬಿಟ್ಟಿದೆ, ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬಂದವು. ಹೊಸದು ಹಾಕಿದ ಮೇಲೆ ಐದು ಸಲ ನೋಡಿದೆ, ಐದೂ ಸಲ ಮೂರು ಸೆಕೆಂಡು.

ಕಡಲತಡಿ (ಉಡುಪಿ)

ಕುಂದಾಪುರಕ್ಕೆ ಬರುವಾಗ ಮೊದಲ ಟ್ಯಾಂಕಿಗೆ ಮುಂಚೆಯೇ ಹೈ ಸ್ಪೀಡ್ ನೀಡಲನ್ನು ಎರಡು ಗಂಟೆ ಎಡಕ್ಕೆ ತಂದಿಟ್ಟುಕೊಳ್ಳಿ. ರಿಚ್ ಅನ್ನಿಸಿದರೆ ಅಲ್ಲಿಂದ ಇಳಿಸಿ. ಓಡಿಸಿ ಮುಗಿದ ಮೇಲೆ ಉಳಿದ ಇಂಧನವನ್ನೆಲ್ಲ ಸುಟ್ಟು ಖಾಲಿ ಮಾಡಿ, ಆಫ್ಟರ್ ರನ್ ಆಯಿಲ್ ನಾಲ್ಕು ಹನಿ ಹಾಕಿ ಹಗ್ಗ ಎಳೆಯಿರಿ. ಇಲ್ಲಿನ ತೇವಕ್ಕೆ ಬೇರಿಂಗ್ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಮರಳಿನ ಮೇಲೆ ಮಾತ್ರ ಬಿಡಬೇಡಿ.

ಸಂಜೆಮೈದಾನ (ಯಲಹಂಕ)

ಕುಂದಾಪುರದಿಂದ ಬರೆಯುತ್ತಿದ್ದೇನೆ. ಎರಡು ಗಂಟೆ ಎಡಕ್ಕೆ ಇಟ್ಟು ಹೊತ್ತಿಸಿದೆ. ಸ್ವಲ್ಪ ಭಾರವಾಗಿ ಓಡಿತು, ಅರ್ಧ ಗಂಟೆಯಷ್ಟು ಬಲಕ್ಕೆ ತಂದೆ. 112 ಡಿಗ್ರಿ. ಥ್ರಾಟಲ್ ಬಿಟ್ಟ ಕೂಡಲೇ ಐಡಲ್ ಇಳಿಯುತ್ತದೆ. ಮೂರು ಟ್ಯಾಂಕ್ ಓಡಿಸಿದೆ, ಅಡಿಕೆ ಒಣಗಿಸುವ ಅಂಗಳದ ತುಂಬ ಹೊಗೆ. ಮಾವನವರು ತಾವೇ ಕೇಳಿ ರಿಮೋಟ್ ಹಿಡಿದರು. ಪ್ಲಗ್ ತೆಗೆದು ನೋಡಿದೆ, ತಂತಿ ಹೊಳೆಯುತ್ತಿದೆ, ಸುರುಳಿ ನೆಟ್ಟಗಿದೆ. ನೀಲಿಹೊಗೆ ಸರ್, ಮೇಷ್ಟ್ರು, ಮೇಡಂ, ಕಡಲತಡಿಯವರು, ಎಲ್ಲರಿಗೂ ಮನಸಾರೆ ವಂದನೆಗಳು.

ಕೆಂಪುಧೂಳು (ದಾವಣಗೆರೆ)

ಸಂತೋಷ. ಫಿಲ್ಟರ್?

ಸಂಜೆಮೈದಾನ (ಯಲಹಂಕ)

ಕ್ಷಮಿಸಿ ಅಣ್ಣ, ನೀವು ಮೂರನೇ ಸಲ ಕೇಳುತ್ತಿದ್ದೀರಿ. ಈಗ ಬಿಚ್ಚಿದೆ. ಹೊರಗಿನ ಸ್ಪಂಜು ಕೆಂಪಗಿದೆ. ಒಳಗಿನದು ಪೂರ್ತಿ ಒಣಗಿದೆ, ಹಿಂಡಿದರೆ ಪುಡಿ ಉದುರುತ್ತದೆ. ಕೊಂಡ ಮೇಲೆ ನಾನು ಎಣ್ಣೆ ಹಾಕಿಯೇ ಇಲ್ಲ. ಕಾರ್ಬುರೇಟರಿನ ಬಾಯಿಯೊಳಗೆ ಬೆರಳಾಡಿಸಿದೆ, ಬೆರಳಿಗೆ ಯಲಹಂಕದ ಮಣ್ಣು ಹತ್ತಿತು.

ಕೆಂಪುಧೂಳು (ದಾವಣಗೆರೆ)

ಇದಕ್ಕೇ ಕೇಳುತ್ತಿದ್ದೆ. ನನ್ನ ಮೊದಲ ಎಂಜಿನ್ ಹೋದದ್ದು ಟ್ಯೂನಿಂಗಿನಿಂದಲ್ಲ, ಧೂಳಿನಿಂದ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಕೊಳವೆಯ, ಅಂದರೆ ಸ್ಲೀವಿನ ಒಳಗೆ ಕ್ರೋಮ್ ಲೇಪ, ರಿಂಗ್ ಇಲ್ಲ. ಸ್ಲೀವ್ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಆ ಹಿಡಿತದಿಂದಲೇ ಕಂಪ್ರೆಷನ್. ಸಣ್ಣ ಧೂಳು ಒಳಗೆ ಹೋದರೆ ಉಜ್ಜುಕಾಗದ ಹಾಕಿದ ಹಾಗೆ ಆ ಹಿಡಿತವನ್ನು ತಿಂದುಹಾಕುತ್ತದೆ.

ಇವತ್ತು ಇನ್ನು ಹೊತ್ತಿಸಬೇಡಿ. ಎರಡೂ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಫಿಲ್ಟರ್ ಆಯಿಲ್ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಣ್ಣ ಎಲ್ಲ ಕಡೆ ಒಂದೇ ಆಗುವವರೆಗೆ ಹಿಟ್ಟಿನಂತೆ ನಾದಿ. ಫಿಲ್ಟರಿನ ಕುತ್ತಿಗೆಗೆ ಜಿಪ್ ಟೈ ಬಿಗಿಯಿರಿ. ಆಮೇಲೆ, ತಣ್ಣಗಿರುವಾಗ ಪ್ಲಗ್ ತೆಗೆದು ಫ್ಲೈವೀಲನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಪಿಸ್ಟನ್ ತುದಿಗೆ ಬಂದಾಗ ಬಿಗಿಯಾಗಿ ಹಿಡಿಯುತ್ತದೆಯೇ?

ಸಂಜೆಮೈದಾನ (ಯಲಹಂಕ)

ಹಿಡಿಯುತ್ತದೆ. ಆದರೆ ಕೊಂಡ ಹೊಸದರಲ್ಲಿ ಹಿಡಿಯುತ್ತಿದ್ದಷ್ಟು ಇಲ್ಲ.

ಕೆಂಪುಧೂಳು (ದಾವಣಗೆರೆ)

ಇನ್ನೂ ಕೆಲವು ಲೀಟರ್ ಓಡುತ್ತದೆ. ಓಡಿಸಿ. ಪಿಸ್ಟನ್ ಮತ್ತು ಸ್ಲೀವಿನ ಜೋಡಿಯನ್ನು ಮಾತ್ರ ಈಗಲೇ ತರಿಸಿಡಿ, ಬರಲು ತಡವಾಗುತ್ತದೆ.